ದೂರದಿಂದ ಗಾಡಿ ನೋಡುತ್ತಿದ್ದ ಕಾಕಾ

ಕಾಕಾ ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಗಳಿರಲಿಲ್ಲ. ಎಲ್ಲರ ಬೆರಳಲ್ಲೂ ಇರುವ ಆ ಸುರುಳಿ ಗೆರೆಗಳು ಸವೆದುಹೋಗಿ, ಚರ್ಮ ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಸರ್ಕಾರಿ ವಿಮಾ ಕಚೇರಿಯಲ್ಲಿ ಅಪಘಾತದ ಗಾಡಿಗಳನ್ನು ನೋಡಿ ವರದಿ ಕೊಡುವುದು ಅವರ ಕೆಲಸವಾಗಿತ್ತು. ಆಯುಷ್ಯವೆಲ್ಲ ಹರಿದ ತಗಡು, ಸುಟ್ಟ ಬಣ್ಣ, ಒಡೆದ ಗಾಜುಗಳ ಮೇಲೆ ಆ ಬೆರಳನ್ನು ಎಳೆದಾಡಿ ಹಾಗಾಗಿದೆ ಎಂದು ಅವರೇ ಹೇಳುತ್ತಿದ್ದರು. ಉಳಿದ ಬೆರಳುಗಳೂ ಅಷ್ಟಕ್ಕಷ್ಟೆ. ನಿವೃತ್ತಿಯಾದ ಮೇಲೆ ಪಿಂಚಣಿಗಾಗಿ ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಬೆರಳೊತ್ತಿ ಸಾಬೀತು ಮಾಡಬೇಕಲ್ಲ, ಆ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. ಒತ್ತಿದಾಗಲೆಲ್ಲ ಕೆಂಪು ದೀಪ. ಕಾಕಾ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಬೆರಳು ಒರೆಸಿಕೊಳ್ಳುತ್ತ ಹೇಳುವರು: “ಮಷೀನಿನ ಲೆಕ್ಕದಾಗ ನಾ ಯಾವಾಗ್ಲೋ ಹೋಗೀನಿ. ನಿಮಗೆಲ್ಲಾ ಇನ್ನಾ ಸುದ್ದಿ ಮುಟ್ಟಿಲ್ಲ, ಅಷ್ಟ.”

ಈ ಮಾತಿಗೆ ನಾವು ನಗುತ್ತಿದ್ದೆವು. ಅವರು ಮಾತ್ರ ನಗುತ್ತಿರಲಿಲ್ಲ.

ಶಹಾಬಜಾರದ ಒಂದು ಗಲ್ಲಿಯಲ್ಲಿ ಅವರದು ಹಳೆಯ ಕಲ್ಲಿನ ಮನೆ. ಕೆಳಗೆ ಕಾಕಾ, ಅವರ ಹೆಂಡತಿ ಕಾಕು, ಮಗ-ಸೊಸೆ, ಮೊಮ್ಮಗಳು. ಮೇಲಿನ ಕೋಣೆಗಳಲ್ಲಿ ಬಾಡಿಗೆಗೆ ನಾನು. ಅವರು ಅಡುಗೆಮನೆಯಲ್ಲಿ ಮರಾಠಿ, ಪಡಸಾಲೆಯಲ್ಲಿ ಕನ್ನಡ ಮಾತಾಡುವ ವೈಷ್ಣವರು. ನಾವು ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಮಂದಿ. ನಾನು ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸಕ್ಕಿದ್ದೇನೆ. ಬಂಧುವಲ್ಲ, ಬಳಗವಲ್ಲ. ಆದರೂ ಬಾಡಿಗೆಗೆ ಬಂದ ವರ್ಷವೇ ಅವರನ್ನು ಗಲ್ಲಿಯ ಎಲ್ಲರಂತೆ ಕಾಕಾ ಅನ್ನತೊಡಗಿದ್ದೆ, ಅವರು ನನ್ನನ್ನು ‘ಮ್ಯಾಲಿನವ’ ಅನ್ನತೊಡಗಿದ್ದರು.

ನನಗೊಂದು ಹುಚ್ಚಿತ್ತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂತಿರುವ ಸ್ಪೋರ್ಟ್ಸ್ ಕಾರು ಒಂದನ್ನು ಇಟ್ಟುಕೊಳ್ಳಬೇಕು ಎನ್ನುವ ಹುಚ್ಚು. ಹೊಸದು ನನ್ನಂಥವನ ಕೈಗೆಟುಕುವ ಮಾತಲ್ಲ. ಹಳೆಯದು ಸಿಕ್ಕೀತು, ಆದರೆ ನಮ್ಮ ಕಡೆ ಅಂಥ ಗಾಡಿ ಯಾರ ಹತ್ತಿರ ಇರುತ್ತದೆ? ಎಲ್ಲ ದೂರದೂರದ ಊರುಗಳಲ್ಲಿ, ಫೋನಿನ ಪರದೆಯ ಮೇಲೆ. ಊಟ ಮಾಡುವಾಗಲೂ ಅದನ್ನೇ ಸರಿಸುತ್ತ ಕೂತಿರುತ್ತಿದ್ದೆ. ಊರಿಗೆ ಹೋದರೆ ನಮ್ಮಪ್ಪ ಕಾಲೆಳೆಯುತ್ತಿದ್ದ: “ಎರಡ ಸೀಟಿನ ಗಾಡ್ಯಾಗ ಬಾಳಿಗೊನಿ ಎಲ್ಲಿಡ್ತಿಯೋ, ತೊಡಿ ಮ್ಯಾಲೇನು?” ಕಾಕು ಇನ್ನೂ ಮುಂದೆ ಹೋಗಿ, “ನಾಳಿ ಲಗ್ನಾದ್ಮ್ಯಾಲ ಅತ್ತೀನ್ನ ಎಲ್ಲಿ ಕೂಡಸ್ತಿ? ಅದಕ್ಕ ಈ ಗಾಡಿ ಹುಡಕಾಕತ್ತೀ ಏನು?” ಎನ್ನುವರು. ನಮ್ಮ ಗಲ್ಲಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಗಾಡಿ ತಂದರೂ ನಿಲ್ಲಿಸುವುದೆಲ್ಲಿ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಹುಚ್ಚಿಗೆ ಕಟ್ಟುವ ಜಾಗದ ಚಿಂತೆ ಇರುವುದಿಲ್ಲ.

ಕಾಕಾ ಮಾತ್ರ ಹಾಸ್ಯ ಮಾಡಲಿಲ್ಲ. ಒಂದು ಸಂಜೆ ನಾನು ದಿಲ್ಲಿ ಕಡೆಯ ಒಂದು ಬಿಳಿ ಗಾಡಿಯ ಚಿತ್ರ ತೋರಿಸಿದೆ. ಮದುಮಗನಂತೆ ತೊಳೆದು ಒರೆಸಿ ನಿಲ್ಲಿಸಿದ್ದರು. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ.

“ಸೀಟ್ ಬೆಲ್ಟ್ ಕಡೀತನಕ ಜಗ್ಗಿ ಫೋಟೋ ಹೊಡದು ಕಳಸಂತ ಹೇಳು,” ಎಂದರು.

ಮಾರುವವರು ಕಳಿಸಿದರು. ಬೆಲ್ಟಿನ ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಭಾಗದಲ್ಲಿ ತೆಳ್ಳಗೆ ಒಂದು ಮಣ್ಣಿನ ಗೆರೆ. ಕಾಕಾ ಆ ಗೆರೆಯ ಮೇಲೆ ತಮ್ಮ ನುಣುಪು ಬೆರಳನ್ನಿಟ್ಟರು. “ಇದು ಕುತ್ತಿಗಿತನಕ ನೀರಾಗ ನಿಂತದ. ಎಲ್ಲಾ ತೊಳೀತಾರ, ಬೆಲ್ಟಿನ ಹೊಟ್ಟಿ ಯಾರೂ ತೊಳ್ಯಂಗಿಲ್ಲ.” ಆ ಗಾಡಿ ಅಲ್ಲಿಗೆ ಮುಗಿಯಿತು. ಮುಂದೆ ಕೇರಳದ್ದೊಂದು ಬಂತು. ಬಾಗಿಲಿನ ಸಂದಿಯಲ್ಲಿ ಮೇಲೊಂದು, ಕೆಳಗೊಂದು ಬೆಂಕಿಕಡ್ಡಿ ತೂರಿಸಿ ತೋರಿಸಲು ಹೇಳಿದರು. ಮೇಲಿನ ಕಡ್ಡಿ ಸಡಿಲಾಗಿ ಬಿತ್ತು, ಕೆಳಗಿನದು ಒಳಗೇ ಹೋಗಲಿಲ್ಲ. ಆಮೇಲೆ ಗಾಜುಗಳ ಮೂಲೆಯಲ್ಲಿ ಸಣ್ಣಗೆ ಬರೆದಿರುವ ತಯಾರಿಯ ವರ್ಷ ಓದಿಸಿದರು. ಮುಂದಿನ ಗಾಜಿಗೊಂದು ವರ್ಷ, ಹಿಂದಿನದಕ್ಕೆ ಇನ್ನೊಂದು. “ಇದು ಒಂದು ಗಾಡಿ ಅಲ್ಲ,” ಎಂದರು ಕಾಕಾ, ಚಹಾದ ಬಟ್ಟಲು ಕೆಳಗಿಡುತ್ತ. “ಮುಂದಿಂದು ಬ್ಯಾರೆ, ಹಿಂದಿಂದು ಬ್ಯಾರೆ. ಎರಡೂ ಸತ್ತಾವ. ನಡುವ ಬೆಸದಾರ.”

ಅಲ್ಲಿಗೇ ಹೋಗಿ ನೋಡಿ ಬರುತ್ತೇನೆ ಎಂದರೆ ಬಿಡುತ್ತಿರಲಿಲ್ಲ. “ಹತ್ರ ಹೋದ್ರ ಗಾಡಿ ನಿನ್ನ ನೋಡ್ತದ. ದೂರಿದ್ರ ನೀ ಗಾಡಿ ನೋಡ್ತಿ. ಒಮ್ಮಿ ಒಳಗ ಕೂತು ಸ್ಟೇರಿಂಗ್ ಹಿಡದಿ ಅಂದ್ರ ಮುಗೀತು, ನಿನ್ನ ಕಣ್ಣು ಅದರ ಕೈಯಾಗ.” ಹಾಗಾಗಿ ಎಲ್ಲ ಪರೀಕ್ಷೆಯೂ ಫೋನಿನ ಮೇಲೆ. ಗಾಡಿಯನ್ನು ತೊಳೆಯದೆ, ಬೆಳಗಿನ ಇಬ್ಬನಿ ಕೂತಿರುವಾಗಲೇ ಚಿತ್ರ ತೆಗೆಯಬೇಕು. ಮರುಬಣ್ಣ ಹೊಡೆದ ಕಡೆ ಇಬ್ಬನಿ ಬೇರೆ ಥರ ಕೂರುತ್ತದೆ ಎನ್ನುವರು. ಇಂಜಿನ್ ಶುರು ಮಾಡುವ ಮೊದಲು ಮುಚ್ಚಳದ ಮೇಲೆ ಕೈ ಇಟ್ಟು ತಣ್ಣಗಿದೆ ಎಂದು ಆಣೆ ಮಾಡಬೇಕು. ಬಾಗಿಲ ಸುತ್ತಲಿನ ರಬ್ಬರನ್ನು ಎಳೆದು ಅದರ ಹಿಂದಿನ ಬಣ್ಣ ತೋರಿಸಬೇಕು. ಮಾರುವವರು ಬೇಸತ್ತು ಬೈಯುವುದೂ ಇತ್ತು. ಕಾಕಾ ಬೈಸಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು.

ಎಲ್ಲ ಆದ ಮೇಲೆ ಕೊನೆಗೊಂದು ಪರೀಕ್ಷೆ ಇರುತ್ತಿತ್ತು. ಇದರ ವಿಷಯ ನಾನು ಮುಂದೆ ಯಾವ ಮೆಕಾನಿಕ್‌ನನ್ನು ಕೇಳಿದರೂ ಅವನು ಸುಮ್ಮನೆ ನನ್ನ ಮುಖ ನೋಡಿದ್ದಾನೆ. ಇಂಜಿನ್ ಬಂದ್ ಮಾಡಿ, ಗಾಜು ಏರಿಸಿ, ಫೋನನ್ನು ಸ್ಟೇರಿಂಗಿನ ಮುಂದೆ ಇಟ್ಟು, ಮಾಲೀಕ ಕೆಳಗಿಳಿದು ಬಾಗಿಲು ಹಾಕಿ ದೂರ ನಿಲ್ಲಬೇಕು. ಇತ್ತ ಕಾಕಾ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂರುವರು. ಸಾಕಷ್ಟು ಹೊತ್ತು.

“ಏನ್ ಕೇಳಾಕತ್ತೀರಿ ಕಾಕಾ?” ಎಂದು ಒಮ್ಮೆ ಕೇಳಿದೆ.

“ಖಾಲಿ ಗಾಡಿ ಖಾಲಿ ಅದನೋ ಇಲ್ಲೋ, ಅದನ್ನ.”

ಮುದುಕರ ಮಾತು ಎಂದು ಒಳಗೊಳಗೇ ನಕ್ಕೆ. ಆದರೂ ಅವರು ಹಾಗೆ ಕೂತಾಗ ಎದುರಿಗಿರಲು ನನಗೆ ಮನಸ್ಸಾಗುತ್ತಿರಲಿಲ್ಲ. ಏನೋ ನೆಪ ಹೇಳಿ ಮೇಲೆ ಹೋಗಿಬಿಡುತ್ತಿದ್ದೆ.

ಕಾಕಾ ಎಂಥವರು ಎಂದು ನನಗೆ ಪೂರ್ತಿ ಗೊತ್ತಾದದ್ದು ಕಮಲಾಪುರದಲ್ಲಿ. ಅಧಿಕ ಮಾಸದ ದಾನಕ್ಕೆ ಕೆಂಪು ಬಾಳೆಹಣ್ಣು ಬೇಕೆಂದು ಕಾಕು ಹೇಳಿದ್ದರು. ಸಂತೆಯ ದಿನ ಕಾಕಾ ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಊರಿಗೆ ಹೋಗಿದ್ದೆ. ಹಣ್ಣು ಕಟ್ಟಿಸಿಕೊಂಡು ಬರುವಾಗ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಒಂದು ಕಾರು ನಿಲ್ಲಿಸಿದ್ದರು. ನಿಲ್ಲಿಸಿದ್ದರು ಅನ್ನುವುದು ತಪ್ಪು, ತಂದು ಹಾಕಿದ್ದರು. ಇಂಜಿನ್ನಿನ ಕಡೆಯ ಮೂತಿ ಪೂರಾ ನಜ್ಜುಗುಜ್ಜಾಗಿತ್ತು. ಕಾಕಾ ನನ್ನ ಭುಜ ಮುಟ್ಟಿ ಬೈಕ್ ನಿಲ್ಲಿಸಿದರು. ಇಂಥ ಗಾಡಿ ಕಂಡರೆ ಅವರಿಗೆ ದಾಟಿ ಹೋಗಲು ಆಗುತ್ತಿರಲಿಲ್ಲ. ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಮುರಿದ ಬಾಗಿಲಿನ ಅಂಚಿನ ಮೇಲೆ ನಿಧಾನ ಬೆರಳು ಎಳೆದರು. ಬಗ್ಗಿ ಒಳಗೆ ನೋಡಿದರು. ನಾನೂ ನೋಡಿದೆ. ಬ್ರೇಕಿನ ಪೆಡಲ್ ಬಾಗಿ ಡೊಂಕಾಗಿತ್ತು.

ಅಷ್ಟರಲ್ಲಿ ಸಂತೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ತಲೆಯ ಮೇಲೆ ಸೆರಗು, ಬರಿಗಾಲು. ಪ್ಯಾಂಟು-ಶರ್ಟಿನ ಮುದುಕ ಗಾಡಿ ನೋಡುತ್ತಿರುವುದನ್ನು ಕಂಡು ಸರ್ಕಾರದವರು ಅಂದುಕೊಂಡಳೋ ಏನೋ.

“ಸಾಹೇಬ್ರ, ಇದನ್ನ ನನ ಮಗ ಹೊಡ್ಯಾಕತ್ತಿದ್ದ,” ಎಂದಳು. ದನಿಯಲ್ಲಿ ಅಳು ಇರಲಿಲ್ಲ. “ಅವಗ ಗೊತ್ತಾಗಿತ್ತೇನ್ರಿ? ಬರ್ತದ ಅಂತ ಗೊತ್ತಾಗಿತ್ತೇನು?”

ಕಾಕಾ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಮೆಲ್ಲಗೆ ಗಾಡಿಯೊಳಗೆ, ಆ ಪೆಡಲಿನ ಮೇಲೆ ಇಟ್ಟುಬಿಟ್ಟರು. ಭಾರ ಇಳಿಸಿದವರ ಹಾಗೆ. ಅವಳು ಬಗ್ಗಿ ನೋಡಿದಾಗ ಅವಳಿಗೆ ಹಣ್ಣಿನ ಚೀಲವಷ್ಟೇ ಕಾಣಿಸಿತು.

“ನಿದ್ದಿ ಹತ್ತಿತ್ತವ್ವ ಅವಗ,” ಎಂದರು ಕಾಕಾ. “ಕಣ್ಣು ಮುಚ್ಚಿದ್ದ. ಏನೂ ಗೊತ್ತಾಗಿಲ್ಲ.”

ಅವಳು ತಲೆಯಾಡಿಸಿದಳು. ಸೆರಗಿನ ತುದಿಯಿಂದ ಗಾಡಿಯ ಮೇಲಿನ ಧೂಳನ್ನು ಒಂದು ಕಡೆ ಒರೆಸಿ ಹೊರಟುಹೋದಳು. ಮರಳಿ ಬರುವಾಗ ಬೈಕಿನ ಮೇಲೆ ನನಗೆ ತಡೆಯಲಾಗಲಿಲ್ಲ. ಪೆಡಲ್ ಬಾಗಬೇಕಾದರೆ ಅವನು ಅದರ ಮೇಲೆ ಎದ್ದು ನಿಂತಿರಬೇಕಲ್ಲವೇ ಎಂದು ಕೇಳಿದೆ. ಕಾಕಾ ನನ್ನ ಭುಜ ಹಿಡಿದು ಮುಂದೆ ಬಾಗಿದರು. ಆಮೇಲೆ ನನ್ನ ಕಿವಿಯ ಹತ್ತಿರ ಹೇಳಿದರು: “ತಗಡಿಂದು ನಾ ಬರೀತೀನಿ. ಮನಷ್ಯಾರ್ದು ನಾ ಹೇಳಂಗಿಲ್ಲ. ಹೇಳಿದ್ರ ಅದು ಅವರ ಮನ್ಯಾಗ ಹೋಗಿ ಕೂಡ್ತದ. ಮತ್ತ ಏಳಂಗಿಲ್ಲ.”

ಆ ಹಣ್ಣನ್ನು ಅವರು ದಾನಕ್ಕೆ ಕೊಡಲಿಲ್ಲ. ಬೇರೆ ತರಿಸಿದರು.

ನಾನು ಹಂಬಲಿಸಿದ ಗಾಡಿ ಸಿಕ್ಕಿದ್ದು ಅದಾದ ಮರು ಬೇಸಿಗೆಯಲ್ಲಿ. ಕೊಂಕಣದ ಕಡೆ ಸಮುದ್ರ ದಂಡೆಯ ಒಂದು ಸಣ್ಣ ಊರಿನಲ್ಲಿತ್ತು. ಅದರ ಬಣ್ಣ ನೋಡಿಯೇ ನಾನು ಸೋತೆ: ನಮ್ಮೂರ ಬಾಳೆಹಣ್ಣಿನ ಬಣ್ಣ, ಅದೇ ಗಾಢ ಕೆಂಪು. ಮಾರುವವನು ಐವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಕೇಳಿದ್ದಕ್ಕೆಲ್ಲ ಬೇಸರಿಸದೆ ತೋರಿಸುತ್ತಿದ್ದ. ಕಾಕಾ ಅವನೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದರು. ಇದೊಂದು ಗಾಡಿ ನನಗೆ ಬೇಕೇ ಬೇಕಿತ್ತು. ಕಾಕಾ ‘ಹೂಂ’ ಅನ್ನಬೇಕು, ಅಷ್ಟೇ. ದೇವರಿಗೆ ಹರಕೆ ಹೊರದವನು ನಾನು, ಆ ವಾರ ಹೊತ್ತೆ.

ಒಂದು ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ವಿಡಿಯೋ ಕಾಲ್ ಹಚ್ಚಿದೆವು. ಗಾಡಿ ಒಂದೊಂದೇ ಪರೀಕ್ಷೆ ದಾಟುತ್ತ ಹೋಯಿತು. ಬೆಂಕಿಕಡ್ಡಿ ಎಲ್ಲ ಸಂದಿಯಲ್ಲೂ ಒಂದೇ ಹದವಾಗಿ ಕೂತಿತು. ಗಾಜುಗಳ ವರ್ಷ ಒಂದೇ. ಸಮುದ್ರದ ಗಾಳಿಗೆ ತುಕ್ಕು ಹಿಡಿಯಬೇಕಿದ್ದ ಸೀಟಿನ ಕೆಳಗಿನ ಬೋಲ್ಟುಗಳು ಹೊಸದರಂತಿದ್ದವು. ನನ್ನ ಎದೆ ಉಬ್ಬುತ್ತಿತ್ತು, ಕಾಕಾ ಅವರ ಮುಖ ಬಿಗಿಯುತ್ತಿತ್ತು. ತಪ್ಪು ಸಿಗದಿದ್ದಷ್ಟೂ ಅವರಿಗೆ ಸಂಶಯ.

ಆಮೇಲೆ ಅವರು ಮಾರುವವನು ಈ ಮೊದಲು ಕಳಿಸಿದ್ದ ಚಿತ್ರಗಳನ್ನು ಮತ್ತೆ ತೆಗೆಸಿ ನೋಡಿದರು. “ಇಲ್ಲಿ ನೋಡು,” ಎಂದರು ನನಗೆ. “ಎಲ್ಲಾ ಫೋಟೋದಾಗೂ ಎಡಗಡಿ ಸೀಟಿನ ಬೆಲ್ಟ್ ಹಾಕಿದ್ದೇ ಅದ. ಒಳಗ ಯಾರೂ ಇಲ್ಲ, ಬೆಲ್ಟ್ ಹಾಕ್ಯದ.”

ಹೌದು. ನಾನು ನೂರು ಸಲ ನೋಡಿದ್ದ ಚಿತ್ರಗಳೇ. ಖಾಲಿ ಸೀಟನ್ನು ಅಡ್ಡಲಾಗಿ ಬಿಗಿದ ಬೆಲ್ಟು ನನಗೆ ಕಂಡೇ ಇರಲಿಲ್ಲ.

ಕಾಕಾ ಅದನ್ನು ಬಿಚ್ಚಲು ಹೇಳಿದರು. ಮಾರುವವನು ತುಸು ತಡೆದು, ಬಿಚ್ಚಿ, ಕೀಲಿ ತಿರುವಿದ. ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಎಚ್ಚರಿಸುವ ಗಂಟೆ ಟಿಣ್ ಟಿಣ್ ಎಂದು ಹೊಡೆಯತೊಡಗಿತು. ಎಡಗಡೆ ಸೀಟಿನಲ್ಲಿ ಯಾರೂ ಇರಲಿಲ್ಲ. ಒಂದು ಚೀಲ ಕೂಡ ಇರಲಿಲ್ಲ. ಸೆನ್ಸರ್ ಕೆಟ್ಟಿದೆ, ಗ್ಯಾರೇಜಿನವರು ಬದಲಾಯಿಸಿ ಕೊಟ್ಟರು, ಮತ್ತೆ ಹಾಗೇ ಆಯಿತು, ಅದಕ್ಕೇ ಬೆಲ್ಟ್ ಹಾಕಿಯೇ ಇಡುತ್ತೇನೆ ಎಂದು ಅವನು ಹೇಳಿದ. ಹೇಳುವಾಗ ಅವನು ಸೀಟಿನ ಕಡೆ ನೋಡಲಿಲ್ಲ. ಬೆಲ್ಟನ್ನು ಮತ್ತೆ ಹಾಕಿದ. ಗಂಟೆ ನಿಂತಿತು.

“ಇದೇನು ದೊಡ್ಡ ಮಾತಲ್ಲ ಬಿಡ್ರಿ ಕಾಕಾ,” ಎಂದೆ ನಾನು. “ಸೆನ್ಸರ್ ತಾನ? ಹಾಕಿಸಿದ್ರ ಆಯ್ತು.”

ಕಾಕಾ ಮಾರುವವನಿಗೆ ಎಂದಿನಂತೆ ಫೋನನ್ನು ಒಳಗಿಟ್ಟು ದೂರ ನಿಲ್ಲಲು ಹೇಳಿದರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಫೋನ್ ಕಿವಿಗೊತ್ತಿ ಕಣ್ಣು ಮುಚ್ಚಿದರು. ಈ ಸಲ ನಾನು ಏಳಲಿಲ್ಲ. ಗಾಡಿ ನನ್ನದಾಗುವ ಗಳಿಗೆ ಎಂದು ಅಲ್ಲೇ ಕೂತಿದ್ದೆ. ಹೊರಗೆ ಬಿಸಿಲು, ಗಲ್ಲಿಯಲ್ಲಿ ಭಾಂಡೆ-ಪಾತ್ರೆ ಮಾರುವವನ ಕೂಗು. ಕಾಕಾ ಅವರ ಹುಬ್ಬು ಒಮ್ಮೆ ಮೇಲೇರಿತು. ಮತ್ತೊಬ್ಬರ ಮಾತು ಕೇಳುತ್ತಿರುವವರ ಹಾಗೆ ತಲೆ ಒಂದಿಷ್ಟು ವಾಲಿಸಿದರು. ಆಮೇಲೆ ಮೊಮ್ಮಗಳಿಗೆ ಜ್ವರ ಬಂದಾಗ ಆಡುವ ದನಿಯಲ್ಲಿ ಫೋನಿಗೆ ಹೇಳಿದರು:

“ಘಾಬರೂ ನಕೋ, ಬಾಳ. ಘಾಬರೂ ನಕೋ.”

ಹೆದರಬೇಡ ಮಗು, ಎಂದು. ನನಗೆ ಅಷ್ಟು ಮರಾಠಿ ಬರುತ್ತದೆ. ಮಾರುವವನು ಆಗಲೇ ಬಾಗಿಲು ಹಾಕಿ ದೂರ ಹೋಗಿದ್ದ. ಮತ್ತು ಅವನು ಮಗುವಲ್ಲ.

ಕಾಕಾ ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲ ಬಚ್ಚಲಿಗೆ ಹೋದರು. ಉಟ್ಟ ಬಟ್ಟೆಯ ಮೇಲೇ ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಸಾವಿನ ಸುದ್ದಿ ಬಂದರೆ ಹಾಗೆ ಸ್ನಾನ ಮಾಡುವುದು ಅವರಲ್ಲಿ ವಾಡಿಕೆ. ಕಾಕು ಅಡುಗೆಮನೆಯಿಂದ ಓಡಿಬಂದರು. “ಯಾರು ಹೋದ್ರು? ಯಾರ ಫೋನ್ ಬಂದಿತ್ತು?” ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ? ಕಾಕಾ ಒದ್ದೆ ಬಟ್ಟೆಯಲ್ಲಿ ಬಂದು ನಿಂತು, “ಯಾರೂ ಇಲ್ಲ. ಸೆಕಿ ಆಗಿತ್ತು,” ಎಂದರು.

ನನಗೆ ಮಾತ್ರ, “ಹೇಳ್ತೀನಿ, ಸ್ವಲ್ಪ ತಡಿ,” ಎಂದರು.

ಚಿತ್ರ ನೋಡಿದ ಗಳಿಗೆಯಲ್ಲೇ ತೀರ್ಪು ಹೇಳುತ್ತಿದ್ದ ಮನುಷ್ಯ ಅಂದಿನಿಂದ ಬಾಯಿ ಬಿಡಲಿಲ್ಲ. ಒಂದು ದಿನ ಅಮಾವಾಸ್ಯೆ ಎಂದರು, ಇನ್ನೊಂದು ದಿನ ತಲೆನೋವು. ನಾನು ಬಿಡಲಿಲ್ಲ. “ಗಾಡಿ ಬ್ಯಾಡಂದ್ರ ಬ್ಯಾಡನ್ರಿ, ನನ್ನ ಯಾಕ ಸತಾಯಿಸ್ತೀರಿ?” ಎಂದು ಸಿಟ್ಟಿನಿಂದಲೇ ಕೇಳಿದೆ. “ಗಾಡಿ ಚಲೋ ಅದ,” ಎಂದರು ಕಾಕಾ. “ಇಷ್ಟ ಚಲೋ ಗಾಡಿ ನಾ ನೋಡಿಲ್ಲ. ಗಾಡಿದು ತಪ್ಪಿಲ್ಲ.” ಹಾಗಾದರೆ ಇನ್ನಾವುದರದು ಎಂದು ಕೇಳಿದರೆ ಎದ್ದು ಒಳಗೆ ಹೋಗುವರು. ಅತ್ತ ಮಾರುವವನು ದಿನಕ್ಕೊಮ್ಮೆ ಮೆಸೇಜ್ ಕಳಿಸುತ್ತಿದ್ದ: ಏನಾಯಿತು, ಅವರು ಏನೆಂದರು? ಈಗ ನೆನೆದರೆ, ಗಾಡಿ ತಗೊಳ್ಳುತ್ತೀರಾ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅವರು ಏನೆಂದರು ಎಂಬುದನ್ನೇ ಕೇಳುತ್ತಿದ್ದ.

ಮಳೆ ಶುರುವಾಗುವ ಹೊತ್ತಿಗೆ ಕಾಕಾ ಅವರಿಗೆ ಕೆಮ್ಮು ಹತ್ತಿತು. ಮಗ ಅವರನ್ನು ನಮ್ಮ ಆಸ್ಪತ್ರೆಗೇ ಕರೆತಂದ. ಎಕ್ಸ್-ರೇ ಕೋಣೆಗೆ ಬಂದವರು ಅಂಗಿ ಬಿಚ್ಚುತ್ತ, “ಇಷ್ಟ ದಿವಸ ನಿನ್ನ ಗಾಡಿ ನಾ ನೋಡಿದೆ. ಇವತ್ತ ನನ್ನ ಗಾಡಿ ನೀ ನೋಡು,” ಎಂದರು. ಎದೆಯನ್ನು ತಣ್ಣನೆಯ ಫಲಕಕ್ಕೆ ಒತ್ತಿ ನಿಂತರು. ಉಸಿರು ಹಿಡಿಯಿರಿ ಎಂದೆ. ಹಿಡಿದರು. ಪರದೆಯ ಮೇಲೆ ಚಿತ್ರ ಮೂಡಿತು.

ನಾನು ಡಾಕ್ಟರಲ್ಲ. ಆದರೆ ಇಷ್ಟು ವರ್ಷ ಎದೆಗಳನ್ನು ನೋಡಿದವನಿಗೆ ಕೆಲವು ನೆರಳುಗಳನ್ನು ಯಾರೂ ತೋರಿಸಿಕೊಡಬೇಕಿಲ್ಲ. ಕಾಕಾ ಸುತ್ತಿ ಬಂದು ನನ್ನ ಹಿಂದೆ ನಿಂತಾಗ ನಾನು ಪರದೆಯನ್ನು ಆರಿಸಿದ್ದೆ.

“ಏನದ?”

“ಡಾಕ್ಟರ್ ಹೇಳ್ತಾರ್ರಿ ಕಾಕಾ.”

ಅವರು ನನ್ನ ಮುಖವನ್ನೇ ನೋಡಿದರು, ಗಾಡಿ ನೋಡುವ ಹಾಗೆ. “ಕಲ್ತಿ ಬಿಡು,” ಎಂದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮತ್ತೆ ಹೇಳಿದರು: “ಒಂದು ಮಾತ ಮಾಡ್ಕೊಳ್ಳೋಣು. ನಂದು ನೀ ಹೇಳು, ಗಾಡಿದು ನಾ ಹೇಳ್ತೀನಿ.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಆಮೇಲಂತೂ ಹೇಳುವ ಹಾಗೇ ಉಳಿಯಲಿಲ್ಲ: ಡಾಕ್ಟರು ಮಗನಿಗೆ ವಿಷಯ ತಿಳಿಸಿದರು, ಮಗ ನನ್ನ ಕೈ ಹಿಡಿದು, “ಅಪ್ಪಗ ತಿಳಿಯೋದು ಬ್ಯಾಡ. ನೀವೂ ಬಾಯಿ ಬಿಡಬ್ಯಾಡ್ರಿ,” ಎಂದು ಬೇಡಿಕೊಂಡ. ಮನೆಯಲ್ಲೆಲ್ಲ ಅದು ಬರೀ ಕೆಮ್ಮಾಯಿತು.

ಆ ಮಳೆಗಾಲ ನಮ್ಮಿಬ್ಬರ ನಡುವೆ ಒಂದು ಆಟದ ಹಾಗೆ ನಡೆಯಿತು. ನಾನು ಕೆಲಸಕ್ಕೆ ಹೋಗುವಾಗ ಮೆಟ್ಟಿಲಿಳಿದು ಬಂದರೆ, ಹಾಸಿಗೆಯಿಂದಲೇ ಕಾಕಾ ಕೇಳುವರು: “ಹೇಳ್ತಿ ಏನು?” ನಾನು, “ಮೊದಲ ನೀವು ಹೇಳ್ರಿ,” ಎನ್ನುವೆ. ಇಬ್ಬರೂ ನಗುವೆವು. ಅವರಿಗೆ ತಮ್ಮ ಎದೆಯಲ್ಲಿ ಏನಿದೆಯೆಂದು ತಿಳಿಯಬೇಕಿತ್ತು, ನನಗೆ ಆ ಗಾಡಿಯಲ್ಲಿ ಏನಿತ್ತೆಂದು. ಇಬ್ಬರ ಬಳಿಯೂ ಇನ್ನೊಬ್ಬನಿಗೆ ಬೇಕಾದದ್ದಿತ್ತು, ಇಬ್ಬರೂ ಕೊಡಲಿಲ್ಲ. ಅವರ ನಗು ದಿನದಿನಕ್ಕೆ ಸಣ್ಣದಾಯಿತು. ಕೊನೆಗೆ ದನಿ ಹೋಗಿ, ಒಂದು ಮುಂಜಾನೆ ನಾನು ಹತ್ತಿರ ಕೂತಾಗ ನನ್ನ ಅಂಗೈಯ ಮೇಲೆ ಆ ನುಣುಪು ಬೆರಳನ್ನಿಟ್ಟು, ತುಟಿಯಲ್ಲೇ, “ನೀ ಹೇಳಲಿಲ್ಲ ನೋಡು,” ಎಂದರು. ನಾನು ಆಸ್ಪತ್ರೆಗೆ ಹೋಗಿ ತಲುಪುವಷ್ಟರಲ್ಲಿ ಮಗನ ಫೋನ್ ಬಂತು.

ಮಳೆ ಹಿಂದೆ ಸರಿದಿತ್ತು. ಹತ್ತನೆಯ ದಿನ ಭೀಮಾ ನದಿಯ ದಂಡೆಯಲ್ಲಿ ಪಿಂಡ ಇಟ್ಟರು. ಬೆಳಗ್ಗೆಯೇ ಹೋಗಿದ್ದೆವು. ಅನ್ನದ ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡಬೇಕು. ನಾನು ಅವರ ಪೈಕಿಯವನಲ್ಲವಾದ್ದರಿಂದ ದೂರ, ಜಾಲಿ ಗಿಡದ ಹತ್ತಿರ ನಿಂತಿದ್ದೆ.

ಒಂದೇ ಒಂದು ಕಾಗೆ ಬಂದು ಎದುರಿನ ಟೊಂಗೆಯ ಮೇಲೆ ಕೂತಿತು. ಕೂತದ್ದು ಕೂತೇ ಇತ್ತು. ಮಗ ಕೈಮುಗಿದು, ಅವ್ವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದ. ಕಾಗೆ ಅಲುಗಲಿಲ್ಲ. ಮಗಳ ಓದು ನಿಲ್ಲಿಸುವುದಿಲ್ಲ ಎಂದ. ಮನೆ ಮಾರುವುದಿಲ್ಲ ಎಂದ. ಕಾಕಾ ಅವರ ತಮ್ಮಂದಿರು, ಅಳಿಯಂದಿರು ಬಂದು ತಮಗೆ ತೋಚಿದ್ದನ್ನು ಹೇಳಿದರು. ಕಾಗೆ ಪಿಂಡದ ಕಡೆ ನೋಡುತ್ತಲೂ ಇರಲಿಲ್ಲ. ಬಿಸಿಲು ಏರಿತು. ಭಟ್ಟರು ಇನ್ನು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣ ಎಂದರು. ಮಗನಿಗೆ ಮನಸ್ಸಾಗಲಿಲ್ಲ. ಸುತ್ತ ನೋಡಿ, ಅವನ ಕಣ್ಣು ನನ್ನ ಮೇಲೆ ನಿಂತಿತು.

“ನಿಮ್ಮ ಕಡೆ ಏನರೆ ಉಳದದೇನ್ರಿ?” ಎಂದ. “ನಿಮ್ಮ ಮ್ಯಾಲ ಭಾಳ ಜೀವ ಇತ್ತು ಅಪ್ಪಂದು.”

ಚಪ್ಪಲಿ ಬಿಟ್ಟು ಮುಂದೆ ಹೋದೆ. ಕಾಲಡಿಯ ಮರಳು ಸುಡುತ್ತಿತ್ತು. ಏನು ಉಳಿದಿದೆ ಎಂದು ನನಗೆ ಗೊತ್ತಿತ್ತು, ಆದರೂ ಮೊದಲು ಸುಲಭದ್ದನ್ನೇ ಹೇಳಿದೆ: “ಕಾಕಾ, ಆ ಗಾಡಿ ನಾ ತಗೊಳ್ಳಂಗಿಲ್ಲ.”

ಕಾಗೆ ಕೊಕ್ಕನ್ನು ಟೊಂಗೆಗೆ ಒರೆಸಿಕೊಂಡಿತು, ಅಷ್ಟೇ.

ಹಿಂದೆ ಅವರ ಮಗ ನಿಂತಿದ್ದ. ಅವನಿಗೆ ಕೊಟ್ಟ ಮಾತು ಮುರಿಯಬೇಕಿತ್ತು.

“ಕಾಕಾ, ನಿಮ್ಮ ಎಡಗಡಿ ಎದ್ಯಾಗ ಬೆಳ್ಳಗ ಒಂದು ಗಡ್ಡಿ ಇತ್ತು. ನಿಂಬಿಹಣ್ಣಿನಷ್ಟು. ನೋಡಿದ ಕೂಡ್ಲೆ ನನಗ ತಿಳೀತು, ಭಾಳ ದಿವಸ ಇಲ್ಲಂತ. ಅದು ಕೆಮ್ಮಲ್ಲ. ನೀವು ಕೇಳಿದಾಗ ನಾ ಹೇಳಬೇಕಿತ್ತು. ನನ್ನ ಕೈಲೆ ಆಗ್ಲಿಲ್ಲ.”

ಹಿಂದಿನಿಂದ ಮಗ ಬಿಕ್ಕಿದ್ದು ಕೇಳಿಸಿತು. ನಾನು ಮಾತು ಮುಗಿಸಿ ತಲೆಯೆತ್ತುವಷ್ಟರಲ್ಲಿ ಟೊಂಗೆ ಬರಿದಾಗಿತ್ತು. ಕಾಗೆ ನನ್ನ ಕಾಲಿನ ಹತ್ತಿರವೇ ಇಳಿದು, ಪಿಂಡದಲ್ಲಿ ಕೊಕ್ಕಿಟ್ಟು, ಹಸಿದವರ ಹಾಗೆ ತಿನ್ನತೊಡಗಿತು.

ಎಲ್ಲರೂ ಉಸಿರು ಬಿಟ್ಟರು. ಭಟ್ಟರು ಕೈಮುಗಿದರು. ಮಗ ನನ್ನನ್ನು ತಬ್ಬಿಕೊಂಡು ಅತ್ತ, ಒಳ್ಳೆಯದು ಮಾಡಿದ್ರಿ ಎಂದ. ಎಲ್ಲರೂ ಸ್ನಾನಕ್ಕೆಂದು ನೀರಿನ ಕಡೆ ಇಳಿದರು. ನಾನು ಅಲ್ಲೇ ನಿಂತೆ. ಆಗ ನನಗೆ ಹೊಳೆಯಿತು. ಮಾತು ಮಾತೇ ಅಲ್ಲವೇ? ‘ನಂದು ನೀ ಹೇಳು, ಗಾಡಿದು ನಾ ಹೇಳ್ತೀನಿ’ ಎಂದಿದ್ದರು. ನನ್ನ ಪಾಲಿನದು ನಾನು ಹೇಳಿಬಿಟ್ಟಿದ್ದೆ. ಇನ್ನು ಸರದಿ ಕಾಕಾ ಅವರದು. ಮತ್ತು ಅವರು ಒಮ್ಮೆ ಆಡಿದ ಮಾತಿಗೆ ತಪ್ಪಿದ್ದನ್ನು ನಾನು ಕಂಡವನಲ್ಲ.

ಕಾಗೆ ತಿನ್ನುವುದನ್ನು ನಿಲ್ಲಿಸಿತ್ತು. ತಲೆಯನ್ನು ಒಂದಿಷ್ಟು ವಾಲಿಸಿ ನನ್ನನ್ನೇ ನೋಡುತ್ತಿತ್ತು.

“ಕಾಕಾ,” ಎಂದೆ ನಾನು, ಯಾರಿಗೂ ಕೇಳದ ಹಾಗೆ. “ನನಗ ಹೇಳಬ್ಯಾಡ್ರಿ. ನಾ ಕೇಳಂಗಿಲ್ಲ. ನಾ ಬಿಟ್ಟೀನಿ.”

ಮಾರುವವನ ನಂಬರನ್ನು ಅಲ್ಲಿಯೇ ಅಳಿಸಿದೆ. ಆ ಗಾಡಿ ಈಗ ಎಲ್ಲಿದೆಯೋ ಗೊತ್ತಿಲ್ಲ, ಹುಡುಕಿಲ್ಲ. ನನ್ನ ಹುಚ್ಚು ಬಿಟ್ಟಿದೆ. ಬೈಕಿನ ಮೇಲೆಯೇ ಕಮಲಾಪುರಕ್ಕೆ ಹೋಗಿ ಬರುತ್ತೇನೆ. ಒಬ್ಬನೇ ಎಕ್ಸ್-ರೇ ಕೋಣೆಯಲ್ಲಿ ದೀಪ ಆರಿಸಿ ನಿಂತಾಗ ಕೆಲವೊಮ್ಮೆ ಬೆನ್ನ ಹಿಂದೆ ಯಾರೋ ಮಾತಾಡಲೆಂದು ಉಸಿರು ಎಳೆದುಕೊಂಡ ಹಾಗಾಗುತ್ತದೆ. ತಿರುಗದೆ ಕಾಯುತ್ತೇನೆ. ಇಂದಿನ ತನಕ ಕಾಕಾ ಹೇಳಿಲ್ಲ. ಹಾಗೆ ಹೇಳದೆ ನನ್ನನ್ನು ಉಳಿಸಿದ್ದಾರೆ, ನನ್ನ ಮೇಲೆ ಅವರ ಋಣ ಏನಿದ್ದರೂ ಅದೊಂದೇ.